ಹಾಯಿ ಹಡಗನ್ನೇ ಯಾಕೆ ಬಿಡಿಸುತ್ತೀರಿ?

"ಕಾಸರಗೋಡಿನ ಕಡಲಲ್ಲಿ ಈಗ ಕಾಣೋದೆಲ್ಲ ಇಂಜಿನ್ ಬೋಟು. ನೀವು ಮಾತ್ರ ಮರದ ಹಾಯಿ ಹಡಗನ್ನೇ ಬಿಡಿಸ್ತೀರಲ್ಲ, ಯಾಕೆ ಮಾರಾಯ್ರೆ?" ನನ್ನ ಚಿತ್ರ ನೋಡಿದವರು ಹೆಚ್ಚಾಗಿ ಕೇಳುವುದು ಇದನ್ನೇ.

ನನಗೆ ಗಾಳಿಯನ್ನು ಬಿಡಿಸಬೇಕು. ಇಂಜಿನ್ ಬೋಟು ಗಾಳಿ ಯಾವ ಕಡೆಯಿಂದ ಬಂದರೂ ಹೋಗುತ್ತದೆ. ಹಾಯಿ ಹಡಗಿನಲ್ಲಿ ಗಾಳಿಯ ದಿಕ್ಕು ತಪ್ಪಿದರೆ ಇಡೀ ಚಿತ್ರವೇ ಸುಳ್ಳು. ನಮ್ಮ ಕರಾವಳಿಯಲ್ಲಿ ಮಳೆಗಾಲ ಕಳೆದ ಮೇಲೆ ಮಧ್ಯಾಹ್ನ ಕಡಲಿನಿಂದ ಗಾಳಿ ಬೀಸುತ್ತದೆ, ರಾತ್ರಿ ನೆಲದಿಂದ. ಹಾಗಾಗಿ ನಸುಕಿನ ಬೆಳಕು ಹಾಕಿದರೆ ಹಾಯಿ ಪಡುವಣಕ್ಕೆ ಉಬ್ಬಲೇಬೇಕು.

ಪತ್ತೆಮಾರಿ ಅಂದರೆ ನಮ್ಮ ಕರಾವಳಿಯ ಹಳೆಯ ಸರಕಿನ ಹಾಯಿ ಹಡಗು. ಅದರ ಕೂವೆಮರ, ಅಂದರೆ ಹಾಯಿಕಂಬ, ನೆಟ್ಟಗಿರುವುದಿಲ್ಲ, ಮುಂದಕ್ಕೆ ವಾಲಿರುತ್ತದೆ. ಹಾಯಿ ಕಟ್ಟಿದ ಉದ್ದನೆಯ ಓರೆಮರ ಅದಕ್ಕೆ ತಾಗದೆ ತೂಗಬೇಕಲ್ವಾ? ಕ್ಯಾಲೆಂಡರಿನಲ್ಲಿ ಬರುವ, ಚೌಕ ಹಾಯಿಯ ಯುರೋಪಿನ ಹಡಗು ನೋಡಿ ಕಲಿತವರು ಇದನ್ನು ಗಮನಿಸುವುದೇ ಇಲ್ಲ.

ಬಣ್ಣವೂ ಸುಮ್ನೆ ಬಂದದ್ದಲ್ಲ. ನೀರಿನ ಮೇಲಿನ ಹಲಗೆಗೆ ಮೀನೆಣ್ಣೆ ಹಚ್ಚುತ್ತಿದ್ದರು, ಅದಕ್ಕೇ ಆ ಕಪ್ಪುಗೆಂಪು. ಹುಳ ಕೊರೆಯದಿರಲು ಅಡಿಭಾಗಕ್ಕೆ ಸುಣ್ಣಕ್ಕೆ ಕೊಬ್ಬು ಕಲಸಿ ಬಳಿಯುತ್ತಿದ್ದರು. ಮಂಗಳೂರು ಹಂಚು ತುಂಬಿ ಹೊರಟ ಹಡಗಿನಲ್ಲಿ ಆ ಬಿಳಿ ಮುಳುಗಿರುತ್ತದೆ, ಖಾಲಿ ಬರುವಾಗ ಎದ್ದು ಕಾಣುತ್ತದೆ. ಒಂದು ಬಿಳಿ ಪಟ್ಟಿಯಲ್ಲಿ ಹಡಗಿನ ಸರಕಿನ ಲೆಕ್ಕವೇ ಸಿಗುತ್ತದೆ! ಇದು ತಿಳಿದ ದಿನದಿಂದ ನನಗೆ ಈ ಹಡಗುಗಳ ಮೇಲೆ ಪ್ರೀತಿ ಇನ್ನೂ ಜಾಸ್ತಿ.

ಇವು ನಮ್ಮವೇ. 1956ರವರೆಗೆ ಕಾಸರಗೋಡು ದಕ್ಷಿಣ ಕನ್ನಡದಲ್ಲಿತ್ತು, ಈಗ ಲಕ್ಷದ್ವೀಪಕ್ಕೆ ಸೇರಿದ ಅಮಿನಿ, ಕಡಮತ್ ದ್ವೀಪಗಳೂ ಅದೇ ಜಿಲ್ಲೆಯಲ್ಲಿದ್ದವು. ದ್ವೀಪದವರು ಓಡದಲ್ಲಿ ತೆಂಗಿನ ನಾರಿನ ಹುರಿ ತಂದು, ಮಂಗಳೂರಿನಿಂದ ಅಕ್ಕಿ ಒಯ್ಯುತ್ತಿದ್ದರು.

ಕೋಝಿಕ್ಕೋಡಿನ ಬೇಪೂರಿನಲ್ಲಿ ಇಂದಿಗೂ ಉರು ಎಂಬ ದೊಡ್ಡ ಮರದ ಹಡಗು ಕಟ್ಟುತ್ತಾರೆ, ಈಗ ಅದಕ್ಕೂ ಇಂಜಿನ್. ಅಲ್ಲಿನ ಹಳೆಯ ಕ್ರಮದಲ್ಲಿ ಕಾಗದದ ನಕ್ಷೆ ಇಲ್ಲ, ಅಳತೆಯೆಲ್ಲ ಮೇಸ್ತ್ರಿಯ ತಲೆಯಲ್ಲಿ. ಮೊದಲು ಹಲಗೆ ಜೋಡಿಸಿ ಮೈ ಮಾಡುತ್ತಾರೆ, ಒಳಗಿನ ಪಕ್ಕೆಮರ ಆಮೇಲೆ. ನಕ್ಷೆ ಇಲ್ಲದ ಹಡಗನ್ನು ಬಿಡಿಸಲು ನನಗೆ ಹಳೆಯ ಫೋಟೋಗಳೇ ಆಧಾರ. ಕುಂಬಳೆ, ಉಪ್ಪಳ, ಮಂಜೇಶ್ವರದ ನಿಮ್ಮ ಮನೆಯ ಆಲ್ಬಮ್ಮಿನಲ್ಲಿ ಯಾರದೋ ಬೆನ್ನ ಹಿಂದೆ ಹಾಯಿಯ ತುದಿ ಕಂಡರೂ ಸಾಕು, ದಯವಿಟ್ಟು ನನಗೊಮ್ಮೆ ತೋರಿಸಿ.