ಮರುದಿನದ ಬೆಳಗಿಲ್ಲದ ಕಥೆಗಳು

ಮೈಸೂರು
21 ನವೆಂಬರ್ 2025, ಶುಕ್ರವಾರ, ರಾತ್ರಿ

ಇಂದು ಮೂರನೆಯ ಅವಧಿಯಲ್ಲಿ ‘ಯಶೋಧರ ಚರಿತೆ’ಯ ಪಾಠ ಮಾಡುತ್ತಿದ್ದಾಗ ಕೊನೆಯ ಬೆಂಚಿನಿಂದ ಅದುಮಿಟ್ಟ ನಗು ಎರಡು ಬಾರಿ ಕೇಳಿಸಿತು. ಮೊದಲ ಬಾರಿ ಕೇಳಿಸದವಳಂತೆ ಪಾಠ ಮುಂದುವರಿಸಿದೆ. ಎರಡನೆಯ ಬಾರಿ ನಡೆದುಹೋಗಿ ಆ ಹುಡುಗನ ಕೈಯಲ್ಲಿದ್ದ ಮೊಬೈಲನ್ನು ತೆಗೆದುಕೊಂಡೆ. ಅದರಲ್ಲಿ ಚಿತ್ರವಿರಲಿಲ್ಲ, ವಿಡಿಯೊ ಇರಲಿಲ್ಲ. ತಪ್ಪಿಲ್ಲದ ಕನ್ನಡದಲ್ಲಿ ಬರೆದ ಒಂದು ಕಥೆಯಿತ್ತು. ಒಂದೂವರೆ ಪರದೆಯಷ್ಟನ್ನು ನಿಂತಲ್ಲೇ ಓದಿದೆ. ಕಥೆಯ ಹೆಂಗಸು ಕಾಲೇಜಿನಲ್ಲಿ ಕನ್ನಡ ಕಲಿಸುವವಳು. ಆಕೆಗೆ ಹೆಸರಿಲ್ಲ. ಎಲ್ಲ ಸಾಲುಗಳಲ್ಲೂ ಆಕೆ ‘ಮೇಡಂ’ ಅಷ್ಟೇ.

ಮೊಬೈಲನ್ನು ಹಿಂದಿರುಗಿಸಿ, ನಾಲ್ಕು ಗಂಟೆಗೆ ಬಂದು ನನ್ನನ್ನು ಕಾಣು ಎಂದಷ್ಟೇ ಹೇಳಿದೆ. ಆಮೇಲೆ ಪಾಠವನ್ನು ಹೇಗೆ ಮುಗಿಸಿದೆನೋ ನೆನಪಿಲ್ಲ. ನೆನಪಿರುವುದು ಅವನ ಮುಂದಿನ ಬೆಂಚಿನಲ್ಲಿ ಕುಳಿತ ಹುಡುಗಿ. ಗಂಟೆ ಹೊಡೆಯುವವರೆಗೂ ಅವಳು ಪುಸ್ತಕದಿಂದ ತಲೆ ಎತ್ತಲಿಲ್ಲ. ಹಿಂದೆ ಏನು ಓದುತ್ತಿದ್ದರು, ಯಾವ ಮಾತಿಗೆ ನಕ್ಕರು ಎಂಬುದು ನನಗಿಂತ ಮೊದಲೇ ಅವಳಿಗೆ ತಿಳಿದಿತ್ತು, ಮತ್ತು ಅದು ಇವತ್ತಿನದೊಂದೇ ದಿನದ ಮಾತಾಗಿರಲಿಲ್ಲ ಎಂದು ಅವಳು ಕುಳಿತ ರೀತಿಯಿಂದಲೇ ನನಗೆ ಅನ್ನಿಸಿತು.

ನಿಯಮದಂತೆ ಮೊಬೈಲು ಪ್ರಾಂಶುಪಾಲರ ಕೊಠಡಿಗೆ ಹೋಗಬೇಕಿತ್ತು, ಊರಿನಿಂದ ತಂದೆಯನ್ನು ಕರೆಸಬೇಕಿತ್ತು. ಹುಣಸೂರಿನ ಕಡೆ ಹೊಗೆಸೊಪ್ಪು ಬೆಳೆಯುವ ಆ ಮನುಷ್ಯ ಒಂದು ದಿನದ ಕೆಲಸ ಬಿಟ್ಟು ಬಂದು, ಏನು ನಡೆದಿದೆಯೆಂದು ಪೂರ್ತಿ ಅರ್ಥವಾಗುವ ಮೊದಲೇ ಮಗನಿಗೆ ಎರಡೇಟು ಹೊಡೆದು, ನಮ್ಮೆಲ್ಲರ ಮುಂದೆ ಕೈಮುಗಿದು ಹೋಗುತ್ತಿದ್ದರು. ಕ್ಷಮಾಪಣೆಯ ಪತ್ರವೊಂದು ಕಡತಕ್ಕೆ ಸೇರುತ್ತಿತ್ತು. ಕಥೆ ಮಾತ್ರ ಅವನ ತಲೆಯಲ್ಲಿ ಹಾಗೆಯೇ ಉಳಿಯುತ್ತಿತ್ತು.

ಅವನು ನಾಲ್ಕೂ ಕಾಲಿಗೆ ಬಂದ. ವಯಸ್ಸು ಹತ್ತೊಂಬತ್ತು. ಬೈಗುಳಕ್ಕೆ ಸಿದ್ಧನಾಗಿ ಬಂದಿದ್ದವನು ನಾನು ಬೈಯದಿದ್ದಾಗ ಇನ್ನಷ್ಟು ಮುದುಡಿಕೊಂಡ. ಇಂಥ ಕಥೆಗಳು ಎಷ್ಟು ದಿನದಿಂದ ಓದುತ್ತಿದ್ದೀಯೆ ಎಂದು ಕೇಳಿದೆ. ಹಾಸ್ಟೆಲಿಗೆ ಬಂದಾಗಿನಿಂದ ಎಂದ. ಯಾರೋ ಗುಂಪಿಗೆ ಸೇರಿಸುತ್ತಾರೆ, ದಿನಕ್ಕೆ ನಾಲ್ಕೈದು ಕಥೆಗಳು ತಾವಾಗಿಯೇ ಬರುತ್ತವೆ, ಅತ್ತಿಗೆಯ ಕಥೆ, ಪಕ್ಕದ ಮನೆಯವರ ಕಥೆ, ಮೇಡಂ ಕಥೆ ಎಂದು ಬೇರೆ ಬೇರೆ ಇರುತ್ತವೆ ಎಂದು ನೆಲ ನೋಡುತ್ತಲೇ ಹೇಳಿದ. ಬಳಿಕ ಇದ್ದಕ್ಕಿದ್ದಂತೆ ತಲೆಯೆತ್ತಿ ಕೇಳಿದ: “ಮೇಡಂ, ತಪ್ಪು ತಿಳಿಯಬೇಡಿ. ಅಮೃತಮತಿ ಗಂಡನ ಪಕ್ಕದಿಂದ ಎದ್ದು ಮಾವುತನ ಹತ್ತಿರ ಹೋಗುತ್ತಾಳಲ್ಲ, ಅದನ್ನು ನೀವೇ ಪಾಠ ಮಾಡುತ್ತೀರಿ. ಅದಕ್ಕೂ ಇದಕ್ಕೂ ಏನು ವ್ಯತ್ಯಾಸ?”

ಉದ್ಧಟತನದಿಂದ ಕೇಳಿದ ಪ್ರಶ್ನೆಯಾಗಿದ್ದರೆ ಉತ್ತರ ಸುಲಭವಿತ್ತು. ಅವನು ನಿಜವಾಗಿಯೇ ಕೇಳಿದ್ದ. ಇಪ್ಪತ್ತಾರು ವರ್ಷ ಪಾಠ ಮಾಡಿದ ನನಗೆ ಆ ಕ್ಷಣದಲ್ಲಿ ಉತ್ತರ ಹೊಳೆಯಲಿಲ್ಲ. ಜನ್ನ 1209ರಲ್ಲಿ ಬರೆದ ಕಾವ್ಯ ಅದು, ದೊಡ್ಡ ಕಾವ್ಯ ಎಂದು ಹೇಳಬಹುದಿತ್ತು. ಆದರೆ ಹಳೆಯದು, ದೊಡ್ಡದು ಎಂಬುದು ಅವನ ಪ್ರಶ್ನೆಗೆ ಉತ್ತರವಾಗುವುದಿಲ್ಲ. ಅಲ್ಲದೆ ಆ ಮಾವುತ ಅಷ್ಟಾವಂಕನು ಅಮೃತಮತಿ ತಡವಾಗಿ ಬಂದಳೆಂದು ಅವಳನ್ನು ಹೊಡೆಯುತ್ತಾನೆ, ಹೊಡೆತ ತಿಂದ ರಾಣಿ ಅವನನ್ನೇ ಬೇಡಿಕೊಳ್ಳುತ್ತಾಳೆ. ಹಿಂಸೆ ಅಲ್ಲಿಯೂ ಇದೆ. ಹುಡುಗ ಅದನ್ನು ಗಮನಿಸಿದ್ದಾನೆ.

ಆಗ ಹೇಳಲಾಗದಿದ್ದುದು ಈಗ, ಮನೆಯವರೆಲ್ಲ ಮಲಗಿದ ಮೇಲೆ, ಸ್ವಲ್ಪ ಸ್ವಲ್ಪವಾಗಿ ತಿಳಿಯುತ್ತಿದೆ. ಜನ್ನನ ಕಾವ್ಯದಲ್ಲಿ ಆ ರಾತ್ರಿಯನ್ನು ನಾವು ನೋಡುವುದು ಮರೆಯಲ್ಲಿ ಕತ್ತಿ ಹಿಡಿದು ನಿಂತ ಅವಳ ಗಂಡ ಯಶೋಧರನ ಕಣ್ಣಿನಿಂದ. ಅವನು ಕತ್ತಿಯನ್ನು ಎತ್ತುತ್ತಾನೆ, ತಡೆದುಕೊಳ್ಳುತ್ತಾನೆ, ಹಿಂದಿರುಗಿ ಮಲಗುತ್ತಾನೆ. ಬೆಳಗಾಗುತ್ತದೆ. ಆ ಬೆಳಗಿನಲ್ಲಿ ಅವನು ತಾಯಿಯ ಮುಂದೆ ಕೆಟ್ಟ ಕನಸಿನ ನೆಪ ಹೇಳಬೇಕಾಗುತ್ತದೆ. ಆ ಕನಸಿನ ದೋಷ ಕಳೆಯಲು ಹಿಟ್ಟಿನ ಕೋಳಿಯ ಬಲಿ, ಅನಂತರ ರಾಣಿ ಇಡುವ ವಿಷ, ಆಮೇಲೆ ತಾಯಿ ಮಗ ಇಬ್ಬರೂ ಪಶುಪಕ್ಷಿಗಳಾಗಿ ಹುಟ್ಟಿ ಪಡುವ ಪಾಡು. ಒಂದು ರಾತ್ರಿ ನಡೆದದ್ದು ಎಷ್ಟು ಜನ್ಮಗಳವರೆಗೆ ಹಬ್ಬುತ್ತದೆ! ಅವನ ಮೊಬೈಲಿನ ಕಥೆಯಲ್ಲಿ ಮರುದಿನದ ಬೆಳಗೇ ಇಲ್ಲ. ಆ ‘ಮೇಡಂ’ ಮರುದಿನ ಯಾವ ಮುಖ ಹೊತ್ತು ತರಗತಿಗೆ ಬಂದಳು, ಯಾರಿಗೆ ಹೆದರಿದಳು, ಮನೆಯಲ್ಲಿ ಏನು ಹೇಳಿದಳು ಎಂಬುದನ್ನು ಬರೆದವನು ಯೋಚಿಸಿಯೇ ಇಲ್ಲ.

ಇನ್ನೂ ಒಂದು ಮಾತನ್ನು ಅವನು ಕೇಳಿದ. ಅದಕ್ಕಾಗಿಯೇ ಈ ರಾತ್ರಿ ಬರೆಯಲು ಕುಳಿತಿದ್ದೇನೆ. ಹೊರಡಲು ಎದ್ದವನು ಬಾಗಿಲ ಬಳಿ ನಿಂತು, “ಆ ಕಥೆಗಳಲ್ಲೆಲ್ಲ ಹೆಂಗಸರು ಮೊದಲು ಬೇಡ ಬೇಡ ಅನ್ನುತ್ತಾರೆ, ಆಮೇಲೆ ಒಪ್ಪಿಕೊಳ್ಳುತ್ತಾರೆ. ನಿಜವಾಗಿಯೂ ಹಾಗೆಯೇ ಇರುತ್ತದೆಯೇ, ಮೇಡಂ?” ಎಂದ.

ನಾನು ಅವನ ತಾಯಿಯ ವಯಸ್ಸಿನವಳು. ಕಿವಿ ಬಿಸಿಯಾಯಿತು. ಆದರೂ ಮುಖ ತಿರುಗಿಸದೆ ಹೇಳಿದೆ: “ಇಲ್ಲ. ಬೇಡ ಎಂದರೆ ಬೇಡವೇ. ಅದರಾಚೆಗೆ ಒಂದು ಹೆಜ್ಜೆ ಇಟ್ಟರೂ ಅದು ಅಪರಾಧ.” ಅವನು ತಲೆಯಾಡಿಸಿದ. ನಂಬಿದನೋ ಇಲ್ಲವೋ ತಿಳಿಯಲಿಲ್ಲ. ನೂರಾರು ಕಥೆಗಳು ಒಂದೇ ಮಾತನ್ನು ಹೇಳಿರುವಾಗ ನಾನು ನಿಂತ ನಿಲುವಿನಲ್ಲಿ ಹೇಳಿದ ಮೂರು ವಾಕ್ಯಗಳು ಅವನಲ್ಲಿ ಎಷ್ಟು ದೂರ ಹೋಗಬಲ್ಲವು?

ಸಂಜೆ ನೇರವಾಗಿ ಮನೆಗೆ ಬರಲಾಗಲಿಲ್ಲ. ರಾಯರ ಮನೆಗೆ ಹೋದೆ. ಬಾಡಿಗೆ ಪುಸ್ತಕದ ಅಂಗಡಿ ಮುಚ್ಚಿ ಇಷ್ಟು ವರ್ಷವಾದರೂ ಅವರ ಹಜಾರದಲ್ಲಿ ಇನ್ನೂ ಅದೇ ಹಳೆಯ ಕಾಗದದ ವಾಸನೆ. ಎಲ್ಲವನ್ನೂ ಕೇಳಿ ಅವರು ಹೇಳಿದರು: “ನೋಡಮ್ಮಾ, ಪೋಲಿ ಪುಸ್ತಕ ನನ್ನ ಅಂಗಡಿಗೂ ಬರುತ್ತಿತ್ತು. ನಾನು ಇಡಲಿಲ್ಲ ಎಂದರೆ ಸುಳ್ಳಾಗುತ್ತದೆ, ಮೇಜಿನ ಕೆಳಗೆ ಇಟ್ಟಿರುತ್ತಿದ್ದೆ. ಆದರೆ ಕೇಳುವವನ ಮುಖ ನನಗೆ ಕಾಣುತ್ತಿತ್ತು. ಮೀಸೆ ಮೂಡದವನು ಬಂದು ಕೇಳಿದರೆ ನಿಮ್ಮ ತಂದೆ ಚೆನ್ನಾಗಿದ್ದಾರೆಯೇ ಎಂದು ವಿಚಾರಿಸುತ್ತಿದ್ದೆ. ಅಷ್ಟಕ್ಕೇ ಹೊರಟುಹೋಗುತ್ತಿದ್ದ.” ಇಪ್ಪತ್ತು ವರ್ಷ ತುಂಬದವರಿಗೆ ಅಂಥ ಪುಸ್ತಕ ಕೊಟ್ಟರೆ ಹೆಚ್ಚಿನ ಶಿಕ್ಷೆ ಎಂದು ದಂಡಸಂಹಿತೆಯ 293ನೆಯ ಕಲಮು ಹೇಳುತ್ತಿದ್ದುದು ಅವರಿಗೆ ಗೊತ್ತಿತ್ತು, ಕಾನೂನಿಗಿಂತ ಹೆಚ್ಚಾಗಿ, ಬೀದಿಯಲ್ಲಿ ಆ ಹುಡುಗನ ತಂದೆ ಎದುರಾಗುತ್ತಾರೆಂಬುದು ಗೊತ್ತಿತ್ತು. ಈಗ ಕೊಡುವವನಿಗೆ ಮುಖವಿಲ್ಲ, ಕೇಳುವವನಿಗೆ ಕೇಳುವ ಅಗತ್ಯವೂ ಇಲ್ಲ.

ನಿಷೇಧಿಸಿದರೆ ಸರಿಹೋಗುತ್ತದೆಯೇ ಎಂದು ಕೇಳಿದೆ. ರಾಯರು ಕಾದಂಬರಿಕಾರ ಅ.ನ.ಕೃ. ಅವರ ಮಾತೆತ್ತಿದರು. ವೇಶ್ಯೆಯರ ಬದುಕನ್ನು ಕುರಿತು ‘ನಗ್ನಸತ್ಯ’, ‘ಶನಿಸಂತಾನ’, ‘ಸಂಜೆಗತ್ತಲು’ ಬರೆದಾಗ ಅಶ್ಲೀಲವೆಂಬ ಕೂಗೆದ್ದಿತ್ತು, ಅದಕ್ಕೆ ಉತ್ತರವಾಗಿ ಅವರು ‘ಸಾಹಿತ್ಯ ಮತ್ತು ಕಾಮಪ್ರಚೋದನೆ’ ಎಂಬ ಪುಸ್ತಕವನ್ನೇ ಬರೆಯಬೇಕಾಯಿತು. ನನಗೆ ನೆನಪಾದದ್ದು ನಮ್ಮ ನಂಜನಗೂಡಿನಲ್ಲಿ ಹುಟ್ಟಿದ ಗಾಯಕಿ ಬೆಂಗಳೂರು ನಾಗರತ್ನಮ್ಮನವರು. ತಂಜಾವೂರಿನ ಕವಯಿತ್ರಿ ಮುದ್ದುಪಳನಿ ಬರೆದ ತೆಲುಗಿನ ಶೃಂಗಾರ ಕಾವ್ಯ ‘ರಾಧಿಕಾ ಸಾಂತ್ವನ’ವನ್ನು ಅವರು 1910ರಲ್ಲಿ ಸಂಪೂರ್ಣವಾಗಿ ಅಚ್ಚು ಹಾಕಿಸಿದರು. ಬ್ರಿಟಿಷ್ ಸರ್ಕಾರ ಅದನ್ನು ಅಶ್ಲೀಲವೆಂದು ನಿಷೇಧಿಸಿತು, ನಿಷೇಧ ತೆರವಾದದ್ದು 1947ರಲ್ಲಿ. ಒಬ್ಬ ಹೆಣ್ಣು ತನ್ನ ಆಸೆಯನ್ನು ತನ್ನ ಬಾಯಿಂದಲೇ ಹೇಳಿದ ಕಾವ್ಯವನ್ನು ಅಷ್ಟು ಕಾಲ ಬಚ್ಚಿಟ್ಟವರು ಸಮಾಜದ ನೀತಿಯನ್ನು ಕಾಪಾಡಿದೆವೆಂದೇ ನಂಬಿದ್ದರು. ಆದ್ದರಿಂದ ಸುಟ್ಟುಹಾಕಿ, ಮುಚ್ಚಿಹಾಕಿ ಎನ್ನುವವರ ಜೊತೆಗೆ ನಿಲ್ಲಲು ನನ್ನಿಂದಾಗದು.

ನ್ಯಾಯಾಲಯಗಳೂ ಬಹಳ ಕಾಲ ಈ ಪ್ರಶ್ನೆಯನ್ನು ಬೇರೆ ದಿಕ್ಕಿನಿಂದಲೇ ನೋಡಿದವು. ಬರಹವು ಓದುಗನ ಮನಸ್ಸನ್ನು ಕೆಡಿಸುತ್ತದೆಯೇ ಎಂಬ, 1868ರ ಇಂಗ್ಲೆಂಡಿನ ಹಿಕ್ಲಿನ್ ಪ್ರಕರಣದ ಅಳತೆಗೋಲನ್ನು ನಮ್ಮ ಸುಪ್ರೀಂ ಕೋರ್ಟು 1964ರಲ್ಲಿ ಬೊಂಬಾಯಿಯ ಪುಸ್ತಕ ವ್ಯಾಪಾರಿಯೊಬ್ಬನ ಮೊಕದ್ದಮೆಯಲ್ಲಿ ಒಪ್ಪಿಕೊಂಡಿತು. ಅದನ್ನು ಕೈಬಿಟ್ಟು ಇಂದಿನ ಸಮಾಜದ ಮಾನದಂಡದಿಂದ ನೋಡಬೇಕೆಂದದ್ದು 2014ರಲ್ಲಿ. ಮನಸ್ಸು ಕೆಡುವುದು ಎಂದರೆ ಕಾಮ ಕೆರಳುವುದು ಎಂದೇ ಬಹುಮಟ್ಟಿಗೆ ತಿಳಿಯಲಾಗಿತ್ತು. ಹತ್ತೊಂಬತ್ತರ ಹುಡುಗನಲ್ಲಿ ಕಾಮ ಕೆರಳಲು ಕಥೆ ಬೇಕಾಗಿಲ್ಲ, ಅದು ವಯಸ್ಸಿನ ಧರ್ಮ. ಆ ಆಸೆಯನ್ನು ಹೊತ್ತು ಅವನು ಒಂದು ಹೆಣ್ಣಿನ ಮುಂದೆ ಹೇಗೆ ನಡೆದುಕೊಳ್ಳಬೇಕೆಂದು ಕಲಿಸುತ್ತಿರುವವರು ಯಾರು? ತಂದೆ ಕಲಿಸಲಿಲ್ಲ, ನಾವು ಕಲಿಸಲಿಲ್ಲ. ಹೆಸರಿಲ್ಲದ ಯಾರೋ ಬರೆದ ಕಥೆ ಕಲಿಸಿತು, ಅದೂ ‘ಬೇಡ’ ಎಂಬ ಎರಡಕ್ಷರದ ಅರ್ಥವನ್ನೇ ತಿರುವಿಹಾಕಿ ಕಲಿಸಿತು. ಭಾಷೆ ಕಲಿಸುವವಳಾಗಿ ಇದನ್ನು ಸಹಿಸುವುದು ನನಗೆ ಕಷ್ಟವಾಗುತ್ತಿದೆ.

ಆ ಹುಡುಗಿ ತಲೆ ತಗ್ಗಿಸಿ ಕುಳಿತಿದ್ದುದು ಮತ್ತೆ ಮತ್ತೆ ಕಣ್ಣಮುಂದೆ ಬರುತ್ತಿದೆ. ಹಿಂದಿನ ಬೆಂಚಿನವನು ತನ್ನ ‘ಬೇಡ’ವನ್ನು ಹೇಗೆ ಕೇಳಿಸಿಕೊಳ್ಳುತ್ತಾನೆಂದು ತಿಳಿದೂ ಅವಳು ದಿನಕ್ಕೆ ಐದು ಗಂಟೆ ಅಲ್ಲಿ ಕೂರಬೇಕು. ನಾನು ಅವನನ್ನು ಕರೆದು ಮಾತನಾಡಿದೆ. ಅವಳನ್ನು ಕರೆಯಲಿಲ್ಲ. ಯಾಕೆ ಕರೆಯಲಿಲ್ಲ?

ಊಟವಾದ ಮೇಲೆ ಕಪಾಟಿನಿಂದ ಡಾ. ಅನುಪಮಾ ನಿರಂಜನರ ‘ಕೇಳು ಕಿಶೋರಿ’ಯನ್ನು ತೆಗೆದೆ. ನನ್ನ ಹದಿನಾಲ್ಕನೆಯ ವಯಸ್ಸಿನಲ್ಲಿ ಅಮ್ಮ ಏನೂ ಹೇಳದೆ ನನ್ನ ದಿಂಬಿನ ಬಳಿ ಇಟ್ಟುಹೋದ ಪ್ರತಿ ಅದು. ನಾಚಿಕೆಪಡಬೇಕಾದ್ದೇನೂ ಇಲ್ಲವೆಂದು ವೈದ್ಯೆಯೊಬ್ಬರು ಎದುರು ಕುಳಿತು ಮಾತನಾಡಿದಂತಿರುವ ಆ ಧೈರ್ಯದ ಪುಸ್ತಕದಿಂದ ನನಗೆಷ್ಟು ನೆಮ್ಮದಿ ಸಿಕ್ಕಿತ್ತೆಂದು ಅಮ್ಮನಿಗೆ ನಾನು ಕೊನೆಗೂ ಹೇಳಲಿಲ್ಲ. ಅಣ್ಣನ ದಿಂಬಿನ ಬಳಿ ಏನನ್ನೂ ಯಾರೂ ಇಟ್ಟಿರಲಿಲ್ಲ.

ನಾಳೆ ಮೊದಲನೆಯ ಅವಧಿ ಅದೇ ತರಗತಿ. ಯಶೋಧರ ಎತ್ತಿದ ಕತ್ತಿಯನ್ನು ತಡೆದುಕೊಳ್ಳುವಲ್ಲಿಗೆ ಪಾಠ ನಿಂತಿದೆ. ಅಲ್ಲಿಂದ ಮುಂದುವರಿಯುವ ಮೊದಲು, ಹುಡುಗರೂ ಹುಡುಗಿಯರೂ ಜೊತೆಗೆ ಕುಳಿತಿರುವಾಗಲೇ, ಆ ಎರಡಕ್ಷರವನ್ನು ಕಪ್ಪು ಹಲಗೆಯ ಮೇಲೆ ಬರೆದು ಮಾತು ಶುರುಮಾಡಿದರೆ, ಆ ಹುಡುಗಿ ತಲೆ ಎತ್ತುತ್ತಾಳೋ, ಅಥವಾ ಎಲ್ಲರ ಮುಂದೆ ಇನ್ನಷ್ಟು ತಗ್ಗಿಸುತ್ತಾಳೋ, ತಿಳಿಯದು.