ತುಮಕೂರಿನ ಮೀನಿನ ಸುರಂಗ, ಕಗ್ಗಲಡುವಿನ ಕೊಕ್ಕರೆ

ಬೇಸಿಗೆ ರಜೆಗೆ ಅಕ್ಕನ ಮಕ್ಕಳಿಬ್ಬರು ತಿಪಟೂರಿಗೆ ಬಂದಿದ್ದರು. ತುಮಕೂರಿನ ಮೈದಾನವೊಂದಕ್ಕೆ ಮೀನಿನ ಸುರಂಗ ಬಂದಿದೆ, ನೋಡಲೇಬೇಕು ಅಂತ ಒಂದೇ ಹಠ. ಸರಿ, ಅದನ್ನು ನೋಡಿಕೊಂಡು ಹಾಗೇ ಶಿರಾ ಕಡೆ ಹೋಗೋಣ, ಕಗ್ಗಲಡುವಿನ ಕೊಕ್ಕರೆಗಳನ್ನೂ ತೋರಿಸೋಣ, ಹುಳಿಯಾರಿನ ಮೇಲೆ ವಾಪಸ್ ಬರೋಣ ಎಂದು ಬೆಳಿಗ್ಗೆಯೇ ಕಾರು ಹತ್ತಿದೆವು. ನಿಟ್ಟೂರು, ಗುಬ್ಬಿ ದಾಟುವಷ್ಟರಲ್ಲಿ ಬಿಸಿಲು ಚುರುಗುಟ್ಟುತ್ತಿತ್ತು.

ಮೈದಾನದ ಬಾಗಿಲಲ್ಲಿ ಬಾಯಿ ತೆರೆದ ದೊಡ್ಡ ಶಾರ್ಕ್ ಗೊಂಬೆ. ಅದರ ಬಾಯೊಳಗಿಂದಲೇ ಒಳಗೆ ಹೋಗಬೇಕು. ಟಿಕೆಟ್ ತಲೆಗೆ 100 ರೂಪಾಯಿ. ಒಳಗೆ ತಗಡಿನ ಶೆಡ್, ನೀಲಿ ದೀಪ, ಕಿವಿ ಕಿತ್ತುಹೋಗುವಂಥ ಹಾಡು. ಮೈಕಿನಲ್ಲಿ ಒಬ್ಬರು, ಮತ್ಸ್ಯಕನ್ಯೆ ಪ್ರದರ್ಶನಕ್ಕೆ ಇನ್ನು ಅರ್ಧ ಗಂಟೆ ಎಂದು ಕೂಗುತ್ತಲೇ ಇದ್ದರು. ಮಕ್ಕಳು ಓಡಿದರು. ಸುರಂಗ ಅಂದಿದ್ದು ಬಾಗಿದ ಅಕ್ರಿಲಿಕ್ ಹಾಳೆಯ ಒಂದು ಸಣ್ಣ ದಾರಿ, ನಾಲ್ಕು ಹೆಜ್ಜೆಗೆ ಮುಗಿಯಿತು. ಉಳಿದಿದ್ದೆಲ್ಲ ಸಾಲಾಗಿ ಜೋಡಿಸಿದ ಗಾಜಿನ ತೊಟ್ಟಿಗಳು.

ನಮ್ಮ ಮನೆಯಲ್ಲಿ ಬಹಳ ವರ್ಷಗಳಿಂದ ಮೀನು ಸಾಕುತ್ತಿದ್ದೇವೆ. ಹಾಗಾಗಿ ನನ್ನ ಕಣ್ಣು ಮೊದಲು ಹೋಗಿದ್ದು ನೀರಿನ ಕಡೆಗೆ. ನೀರು ಮಬ್ಬಾಗಿತ್ತು. ಗೋಲ್ಡ್ ಫಿಷ್‌ಗಳೆಲ್ಲ ಮೇಲೆ ಬಂದು ಬಾಯಿ ಬಡಿಯುತ್ತಿದ್ದವು. ಮಕ್ಕಳು ಅದನ್ನು ನೋಡಿ ಮುತ್ತು ಕೊಡ್ತಿದೆ ಎಂದು ನಗುತ್ತಿದ್ದರು. ಅದು ಉಸಿರಿನ ಪರದಾಟ. ನೀರು ಬಿಸಿಯಾದಷ್ಟೂ ಅದರಲ್ಲಿ ಕರಗುವ ಆಮ್ಲಜನಕ ಕಡಿಮೆಯಾಗುತ್ತದೆ. ಏಪ್ರಿಲ್ ಬಿಸಿಲಿನಲ್ಲಿ, ತಗಡಿನ ಕೆಳಗೆ, ಒಂದೇ ತೊಟ್ಟಿಯಲ್ಲಿ ಅಷ್ಟೊಂದು ಮೀನು ತುಂಬಿದರೆ ಇನ್ನೇನಾಗುತ್ತದೆ? ಪಕ್ಕದ ತೊಟ್ಟಿಯ ಮೀನುಗಳ ಮೈಮೇಲೆ ಉಪ್ಪಿನ ಹರಳು ಉದುರಿಸಿದಂತೆ ಬಿಳಿ ಚುಕ್ಕೆ. ಅದು ಮೀನು ಸಾಕುವವರಿಗೆಲ್ಲ ಗೊತ್ತಿರುವ ವೈಟ್ ಸ್ಪಾಟ್ ರೋಗ, ಪರಾವಲಂಬಿ ಜೀವಿಯಿಂದ ಬರುತ್ತದೆ. ಮೀನುಗಳು ಮೈ ತುರಿಕೆಗೆ ತಳದ ಕಲ್ಲಿಗೆ ಉಜ್ಜಿಕೊಳ್ಳುತ್ತಿದ್ದವು.

ಕೊನೆಯ ದೊಡ್ಡ ತೊಟ್ಟಿಯಲ್ಲಿ ಅರಪೈಮ ಇತ್ತು. ಅಮೆಜಾನ್ ನದಿಯ ಮೀನು. ಅಲ್ಲಿ ಎರಡು ಮೀಟರ್‌ಗಿಂತ ಉದ್ದ ಬೆಳೆಯುತ್ತದೆ. ಹತ್ತು–ಇಪ್ಪತ್ತು ನಿಮಿಷಕ್ಕೊಮ್ಮೆ ಮೇಲೆ ಬಂದು ಗಾಳಿ ಕುಡಿಯಲೇಬೇಕು. ಇಲ್ಲಿದ್ದ ಮೀನಿಗೆ ಪೂರ್ತಿ ತಿರುಗಲೂ ಜಾಗವಿರಲಿಲ್ಲ. ಮೈ ಬಾಗಿಸಿ ತಿರುಗುವಾಗಲೆಲ್ಲ ಮೂತಿ ಗಾಜಿಗೆ ತಾಗುತ್ತಿತ್ತು. ಮೂತಿ ಸವೆದು ಕೆಂಪಾಗಿತ್ತು. ಅದರ ಎದುರು ಜನ ಸಾಲಾಗಿ ನಿಂತು ಸೆಲ್ಫಿ ತೆಗೆಯುತ್ತಿದ್ದರು. ಒಬ್ಬರು ಮಗುವನ್ನು ಎತ್ತಿ ಹಿಡಿದು, ಗಾಜು ತಟ್ಟು, ಆಗ ತಿರುಗಿ ನೋಡುತ್ತೆ ಎಂದು ಹೇಳಿಕೊಡುತ್ತಿದ್ದರು. ಮೀನಿನ ಎರಡೂ ಪಕ್ಕದಲ್ಲಿ ತಲೆಯಿಂದ ಬಾಲದವರೆಗೆ ಒಂದು ಗೆರೆ ಇರುತ್ತದೆ. ನೀರಿನ ಸಣ್ಣ ಅಲುಗಾಟವನ್ನೂ ಅದು ಆ ಗೆರೆಯಿಂದ ತಿಳಿಯುತ್ತದೆ. ಶಬ್ದವೂ ಗಾಳಿಗಿಂತ ನೀರಿನಲ್ಲಿ ನಾಲ್ಕು ಪಟ್ಟು ವೇಗವಾಗಿ ಹೋಗುತ್ತದೆ. ನಮಗೆ ಅದು ಒಂದು ತಟ್ಟು ಅಷ್ಟೇ. ಅದಕ್ಕೆ ಬಚ್ಚಿಟ್ಟುಕೊಳ್ಳಲೂ ಒಂದು ಮೂಲೆ ಇಲ್ಲ.

ತಟ್ಟಬೇಡಿ ಎಂದೆ. ಮೀನಿಗೆ ನೋವೆಲ್ಲ ಗೊತ್ತಾಗಲ್ಲ ಬಿಡಿ ಎಂದರು. ಈ ಮಾತನ್ನು ತುಂಬ ಜನ ನಂಬಿದ್ದಾರೆ. ಬ್ರಿಟನ್‌ನಲ್ಲಿ ಲಿನ್ ಸ್ನೆಡನ್ ಎಂಬ ವಿಜ್ಞಾನಿ ಮತ್ತು ಅವರ ಜೊತೆಗಾರರು 2003ರಲ್ಲೇ ಟ್ರೌಟ್ ಮೀನಿನ ಮೇಲೆ ಪ್ರಯೋಗ ಮಾಡಿ ಅದು ಸರಿಯಲ್ಲ ಎಂದು ತೋರಿಸಿದ್ದರು. ತುಟಿಗೆ ಆಮ್ಲ ಚುಚ್ಚಿದ ಮೀನುಗಳು ಗಂಟೆಗಟ್ಟಲೆ ಆಹಾರ ಬಿಟ್ಟವು, ತುಟಿಯನ್ನು ತಳದ ಕಲ್ಲಿಗೆ ಉಜ್ಜಿದವು. ಕೂಗೋಕೆ ಬರಲ್ಲ ಅಂದ ಮಾತ್ರಕ್ಕೆ ನೋವಿಲ್ಲ ಅಂತ ಅಲ್ಲ, ಅಲ್ವಾ?

ತೊಟ್ಟಿಗಳ ಹಿಂದೆ ಟ್ಯಾಂಕರ್ ನೀರು ಬಿಡುತ್ತಿದ್ದ ಹುಡುಗನ ಜೊತೆ ಮಾತಾಡಿದೆ. ಊರಿಂದ ಊರಿಗೆ ಹೋಗುವ ಕೆಲಸ ಅವನದು. ರಾತ್ರಿ ಅದೇ ಶೆಡ್ಡಿನಲ್ಲಿ ಮಲಗುತ್ತಾನೆ. ಮೀನುಗಳನ್ನು ಆಕ್ಸಿಜನ್ ತುಂಬಿದ ಚೀಲಗಳಲ್ಲಿ ಕಟ್ಟಿ ಲಾರಿಗೆ ಹಾಕುತ್ತಾರಂತೆ. ದಾರೀಲಿ ಒಂದಷ್ಟು ಹೋಗ್ತವೆ ಸಾರ್, ಬಂದ ಮೊದಲ ವಾರ ಇನ್ನೊಂದಷ್ಟು ಹೋಗ್ತವೆ, ಆಮೇಲೆ ಹೊಸದು ತರಿಸ್ತಾರೆ ಎಂದ. ಅವನ ಮೇಲೆ ನನಗೆ ಸಿಟ್ಟಿಲ್ಲ. ಹೇಳುವಾಗ ಅವನ ಮುಖವೂ ಸಪ್ಪಗಿತ್ತು.

ಆ ಮೊದಲ ವಾರದ ಮಾತು ನನ್ನನ್ನು ಬಿಡಲಿಲ್ಲ. ಅದಕ್ಕೆ ಕಾರಣ ಇದೆ. ಮೀನಿನ ಹೊಲಸು ಮತ್ತು ಮಿಕ್ಕ ಆಹಾರದಿಂದ ನೀರಿನಲ್ಲಿ ಅಮೋನಿಯ ಸೇರುತ್ತದೆ. ಅದು ವಿಷ. ಒಂದು ಬಗೆಯ ಬ್ಯಾಕ್ಟೀರಿಯಾ ಅದನ್ನು ನೈಟ್ರೈಟ್ ಮಾಡುತ್ತವೆ, ಅದೂ ವಿಷವೇ. ಇನ್ನೊಂದು ಬಗೆಯವು ಅದನ್ನು ನೈಟ್ರೇಟ್ ಮಾಡಿದ ಮೇಲೇ ನೀರು ಮೀನಿಗೆ ಸಹನೀಯ ಆಗುವುದು. ಈ ಬ್ಯಾಕ್ಟೀರಿಯಾ ಕಲ್ಲು, ಫಿಲ್ಟರಿನ ಮೇಲೆಲ್ಲ ಬೆಳೆದು ನಿಲ್ಲಲು ಸಾಮಾನ್ಯವಾಗಿ ನಾಲ್ಕರಿಂದ ಆರು ವಾರ ಬೇಕು. ಮೀನು ಸಾಕುವವರು ಇದನ್ನೇ ಟ್ಯಾಂಕ್ ಸೈಕಲ್ ಆಗಬೇಕು ಅನ್ನುವುದು. ಈ ಪ್ರದರ್ಶನವೋ ನೀರು ಹದಕ್ಕೆ ಬರುವ ಹೊತ್ತಿಗೆ ಗಂಟುಮೂಟೆ ಕಟ್ಟಿ ಮುಂದಿನ ಊರಿಗೆ ಹೊರಡುತ್ತದೆ. ಫಿಲ್ಟರು ಒಣಗಿದರೆ ಬ್ಯಾಕ್ಟೀರಿಯಾ ಸಾಯುತ್ತವೆ. ಅಲ್ಲಿ ಮತ್ತೆ ಹೊಸ ನೀರು, ಮತ್ತೆ ಅಮೋನಿಯ. ಎಷ್ಟೇ ಒಳ್ಳೆಯ ಮನಸ್ಸಿನವರು ನಡೆಸಿದರೂ, ಹೀಗೆ ತಿರುಗಾಡುವ ತೊಟ್ಟಿಯಲ್ಲಿ ಮೀನು ಸುಖವಾಗಿರುವುದು ಬಲು ಕಷ್ಟ. ಜೊತೆಗೆ ನಮ್ಮ ಕಡೆಯ ಬೋರ್‌ವೆಲ್ ನೀರು ಗಡುಸು, ಅಂದರೆ ಲವಣ ಹೆಚ್ಚು. ಅರಪೈಮ, ನಿಯಾನ್ ಟೆಟ್ರಾದಂಥ ಅಮೆಜಾನ್ ಮೀನುಗಳು ಹುಟ್ಟಿದ್ದು ಮೆದು ನೀರಿನಲ್ಲಿ.

ಹೊರಗೆ ಬರುವ ದಾರಿಯಲ್ಲಿ ಅಂಗೈಯಷ್ಟು ಪ್ಲಾಸ್ಟಿಕ್ ಡಬ್ಬಿಗಳಲ್ಲಿ ಫೈಟರ್ ಮೀನು ಮಾರುತ್ತಿದ್ದರು. ಅವು ಗಾಳಿಯನ್ನು ನೇರವಾಗಿ ಉಸಿರಾಡಬಲ್ಲವು, ಅದಕ್ಕೇ ಡಬ್ಬಿಯಲ್ಲೂ ಕೆಲವು ದಿನ ಬದುಕುತ್ತವೆ. ಅದನ್ನೇ ಜನ ಡಬ್ಬಿ ಸಾಕು ಅಂದುಕೊಂಡಿದ್ದಾರೆ. ಚಿಕ್ಕವಳು ಒಂದು ಬೇಕು ಎಂದಳು. ದೊಡ್ಡವನು ತಾನೇ ಬೇಡ ಎಂದ. ಮತ್ಸ್ಯಕನ್ಯೆಯನ್ನು ನೋಡಲು ಇಬ್ಬರೂ ನಿಲ್ಲಲಿಲ್ಲ.

ಶಿರಾ ತಲುಪಿ ಊಟ ಮುಗಿಸಿ, ಚಂಗಾವರದ ರಸ್ತೆ ಹಿಡಿದೆವು. ಕಗ್ಗಲಡು ಅಲ್ಲಿಂದ ಹೆಚ್ಚು ದೂರವಿಲ್ಲ. ಊರೊಳಗೆ ಹೋಗುತ್ತಿದ್ದಂತೆ ಹಸಿಮೀನಿನ ವಾಸನೆ, ಕೊಕ್ಕು ಕಟಕಟಿಸುವ ಸದ್ದು. ತಲೆಯೆತ್ತಿದರೆ ಹುಣಸೆ ಮರದ ತುಂಬ ಬಣ್ಣದ ಕೊಕ್ಕರೆ. ಹಳದಿ ಕೊಕ್ಕು, ಬಾಲದ ಹತ್ತಿರ ಗುಲಾಬಿ ಬಣ್ಣ. ಗೂಡುಗಳಲ್ಲಿ ಬೂದುಬಣ್ಣದ ಮರಿಗಳು ಬಾಯಿ ತೆರೆದು ಕೂತಿದ್ದವು. ಕೆಳಗೆ ಮನೆ, ಕೊಟ್ಟಿಗೆ, ರಾಗಿ ಹುಲ್ಲಿನ ಬಣವೆ. ಹಕ್ಕಿಗಳ ಪಾಡಿಗೆ ಹಕ್ಕಿ, ಜನರ ಪಾಡಿಗೆ ಜನ.

ಜಗುಲಿಯ ಮೇಲೆ ಕೂತಿದ್ದ ಅಜ್ಜಿಯೊಬ್ಬರು ಮಕ್ಕಳನ್ನು ಕರೆದು ನೀರು ಕೊಟ್ಟರು. ಅಂಗಳವೆಲ್ಲ ಹಿಕ್ಕೆ. ಗಲೀಜು ಅನ್ಸಲ್ವಾ ಅಜ್ಜಿ ಎಂದು ಚಿಕ್ಕವಳು ಕೇಳಿದಳು. ಹೆರಿಗೆಗೆ ಬಂದವುಗಳನ್ನ ಓಡಿಸಕ್ಕಾಗ್ತದಾ ಮಗಾ ಎಂದರು. ಬಿದ್ದ ಮರಿ ಸಿಕ್ಕರೆ ಯಾರಾದರೂ ಎತ್ತಿ ಇಡುತ್ತಾರಂತೆ. ಮಕ್ಕಳು ಅಲ್ಲಿ ಕೂತು ಒಂದು ತಾಯಿ ಹಕ್ಕಿ ಮರಿಗಳಿಗೆ ಮೀನು ಕಕ್ಕಿ ತಿನ್ನಿಸುವುದನ್ನು ಕಣ್ಣು ಮಿಟುಕಿಸದೆ ನೋಡಿದರು. ಟಿಕೆಟ್ ಇರಲಿಲ್ಲ, ಮೈಕೂ ಇರಲಿಲ್ಲ. ಎಬ್ಬಿಸಿ ಹೊರಡಿಸುವುದೇ ಕಷ್ಟವಾಯಿತು. ಬುಕ್ಕಾಪಟ್ಟಣ, ಹುಳಿಯಾರು, ಚಿಕ್ಕನಾಯಕನಹಳ್ಳಿ ದಾಟಿ ಊರು ಸೇರುವಾಗ ರಾತ್ರಿಯಾಗಿತ್ತು.

ಮರುದಿನ ಕೂತು ಜಿಲ್ಲೆಯ ಅಧಿಕಾರಿಗಳಿಗೆ ಅರ್ಜಿ ಬರೆದೆ. 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯಲ್ಲಿ ಮನುಷ್ಯನನ್ನು ಬಿಟ್ಟು ಉಳಿದ ಎಲ್ಲ ಜೀವಿಯೂ ಪ್ರಾಣಿಯೇ. ಮೀನೂ ಅದರಲ್ಲಿ ಬರುತ್ತದೆ. ಓಡಾಡಲು ಸಾಕಷ್ಟು ಜಾಗವಿಲ್ಲದ ಕಡೆ ಪ್ರಾಣಿಯನ್ನು ಕೂಡಿಹಾಕುವುದು ಅದರ 11ನೇ ಸೆಕ್ಷನ್ ಪ್ರಕಾರ ಅಪರಾಧ. ಆದರೆ ಮೊದಲ ತಪ್ಪಿಗೆ ದಂಡ 10ರಿಂದ 50 ರೂಪಾಯಿ. ಹೆಚ್ಚೆಂದರೆ ನಾವು ಕೊಟ್ಟ ಒಂದು ಟಿಕೆಟ್ಟಿನ ಅರ್ಧ. 2017ರಲ್ಲಿ ಕೇಂದ್ರ ಸರ್ಕಾರ ಅಕ್ವೇರಿಯಂಗಳಿಗೆಂದೇ ನಿಯಮ ತಂದಿತ್ತು, ಆಮೇಲೆ ವಾಪಸ್ ಪಡೆಯಿತು. ಡಾಲ್ಫಿನ್ ಪ್ರದರ್ಶನಕ್ಕೆ 2013ರಲ್ಲೇ ಬೇಡ ಎಂದ ದೇಶ ನಮ್ಮದು. ಮೀನಿನ ವಿಷಯಕ್ಕೆ ಬಂದಾಗ ಮಾತ್ರ ಯಾಕಿಷ್ಟು ತಾತ್ಸಾರ ಎಂದು ನನಗೆ ನಿಜವಾಗಲೂ ಬೇಸರವಿದೆ.

ಅರ್ಜಿಯಲ್ಲಿ ನಾನು ಕೇಳಿದ್ದು ಇಷ್ಟೇ. ಮೈದಾನ ಬಾಡಿಗೆಗೆ ಕೊಡುವ ಮುಂಚೆ ಪಶುವೈದ್ಯರು ಬಂದು ತೊಟ್ಟಿಯ ಅಳತೆ ನೋಡಲಿ, ನೀರು ಪರೀಕ್ಷಿಸಲಿ. ಅರಪೈಮದಂಥ ದೊಡ್ಡ ಮೀನುಗಳಿಗೆ ಅನುಮತಿ ಬೇಡ. ಸತ್ತ ಮೀನಿನ ಲೆಕ್ಕ ದಿನದಿನವೂ ಬರೆದಿಡಲಿ. ಪ್ರತಿ ಜಿಲ್ಲೆಗೂ ಒಂದು ಪ್ರಾಣಿ ದಯಾ ಸಂಘ ಇರಬೇಕೆಂದು 2001ರ ನಿಯಮವೇ ಹೇಳುತ್ತದೆ, ಅದಕ್ಕೂ ಒಂದು ಪ್ರತಿ ಕಳಿಸಿದೆ. ಮೂತಿ ಸವೆದ ಅರಪೈಮದ ಫೋಟೋ ಜೊತೆಗಿಟ್ಟಿದ್ದೇನೆ. ನಿಮ್ಮೂರಿಗೂ ಇಂಥ ಸುರಂಗ ಬಂದರೆ ದಯವಿಟ್ಟು ಒಂದು ಅರ್ಜಿ ಹಾಕಿ.