ಗ್ಲಾಸಿನಲ್ಲಿ 86, ನಕ್ಷೆಯಲ್ಲಿ 19

ಉಪಗ್ರಹದ ಮೈಕ್ರೋವೇವ್ ಅಳತೆಗಳಿಂದ ಮಳೆಯ ನಕ್ಷೆ ಮಾಡುವುದು ನನ್ನ ಕೆಲಸ. ಕೂರುವುದು ಬೆಂಗಳೂರಿನಲ್ಲಿ, ನೋಡುವುದು ಮಲೆನಾಡನ್ನು. ಕೆಲಸಕ್ಕೆ ಸೇರಿದ ಮೊದಲ ಮುಂಗಾರಿನಲ್ಲೇ ಒಂದು ತಪ್ಪು ಮಾಡಿದೆ. ಅದು ಇವತ್ತಿಗೂ ನೆನಪಿದೆ.

ಕಳಸದ ಹತ್ತಿರದ ಒಂದು ಕಾಫಿ ತೋಟದ ರೈಟರ್ (ತೋಟದ ಲೆಕ್ಕ ಬರೆಯುವವರು) ದಿನಾ ಬೆಳಿಗ್ಗೆ ಎಂಟೂವರೆಗೆ ಮಳೆ ಅಳೆದು ವಾಟ್ಸಾಪ್ ಮಾಡುತ್ತಿದ್ದರು. ತೋಟದವರ ಲೆಕ್ಕ ಈಗಲೂ ಇಂಚು, ಸೆಂಟಿನಲ್ಲಿ; ನೂರು ಸೆಂಟಿಗೆ ಒಂದು ಇಂಚು. ಪುನರ್ವಸು ಮಳೆ ಹಿಡಿದಿದ್ದ ಒಂದು ದಿನ '3 ಇಂಚು 40 ಸೆಂಟ್' ಅಂತ ಬಂತು. ಅಂದರೆ 86 ಮಿಲಿಮೀಟರ್. ನನ್ನ ನಕ್ಷೆಯಲ್ಲಿ ಅದೇ ಜಾಗದಲ್ಲಿ ಇದ್ದದ್ದು 19.

ನಾನು ನಕ್ಷೆಯನ್ನೇ ನಂಬಿದೆ. ಫೋನ್ ಮಾಡಿ, "ಸರಿಯಾಗಿ ನೋಡಿದ್ರಾ ಸಾರ್?" ಅಂತ ಕೇಳಿದೆ.

ಅವರು ಬೇಜಾರು ಮಾಡಿಕೊಳ್ಳಲಿಲ್ಲ. "ಒಂದು ಗ್ಲಾಸಿಗೆ ಒಂದು ಇಂಚು ಮೇಡಂ. ಮೂರು ಸಲ ತುಂಬಿ ಚೆಲ್ಲಿದೆ. ನಾಲ್ಕನೇದು ನಲವತ್ತಕ್ಕೆ ನಿಂತಿತು" ಎಂದರು. ಅವರ ಮಾತಿನ ಹಿಂದೆ ಹೆಂಚಿನ ಮೇಲೆ ಬೀಳುತ್ತಿದ್ದ ಮಳೆಯ ಸದ್ದು ನನಗೆ ಕೇಳುತ್ತಿತ್ತು. ಆದರೂ ವರದಿಯಲ್ಲಿ ಅವರ ಅಂಕಿಯ ಪಕ್ಕ 'ಅನುಮಾನ' ಅಂತ ಗುರುತು ಹಾಕಿ ಕಳಿಸಿಬಿಟ್ಟೆ.

ವಾರವಿಡೀ ಹೀಗೇ ಆಯಿತು. ಅಕ್ಕಪಕ್ಕದ ತೋಟಗಳದ್ದೂ ಅದೇ ಕಥೆ. ಎಲ್ಲರೂ ಒಟ್ಟಿಗೆ ತಪ್ಪು ಓದುತ್ತಾರಾ? ಆಗ ನನ್ನ ಕಡೆಯ ಲೆಕ್ಕ ಬಿಚ್ಚಿದೆ.

ಮೊದಲು ಸಿಕ್ಕಿದ್ದು ಗಡಿಯಾರದ ಎಡವಟ್ಟು. ಉಪಗ್ರಹದ ದಿನ ಶುರುವಾಗುವುದು ಯುಟಿಸಿ (ಜಗತ್ತಿಗೆಲ್ಲ ಒಂದೇ ಆದ ಪ್ರಮಾಣ ಸಮಯ) ನಡುರಾತ್ರಿಗೆ, ನಮ್ಮ ಬೆಳಗಿನ 5.30ಕ್ಕೆ. ಮಳೆಮಾಪಕದ ದಿನ 8.30ಕ್ಕೆ. ನಡುವಿನ ಮೂರು ಗಂಟೆಯ ಮಳೆ ತಪ್ಪು ತಾರೀಖಿಗೆ ಹೋಗುತ್ತಿತ್ತು. ಅರ್ಧ ಗಂಟೆಯ ಕಡತಗಳನ್ನು ತೆಗೆದು, 8.30ರಿಂದ 8.30ಕ್ಕೆ 48 ತುಂಡು ಕೂಡಿಸಿದೆ. 19 ಇದ್ದದ್ದು 26 ಆಯಿತು. ಅಷ್ಟೇ.

ಉಳಿದದ್ದು ಎಲ್ಲಿ ಹೋಯಿತು? ಇದಕ್ಕೆ ಉತ್ತರ ಮೋಡದಲ್ಲೇ ಇತ್ತು.

ಉಪಗ್ರಹ ಹನಿಗಳನ್ನು ಎಣಿಸುವುದಿಲ್ಲ. ಕೆಳಗಿನಿಂದ ಮೇಲೆ ಬರುವ ಮೈಕ್ರೋವೇವ್ ಎಷ್ಟು ಅಂತ ಅಳೆಯುತ್ತದೆ. ಕಡಲಿನ ಮೇಲೆ ಮಳೆ ಹಿಡಿಯುವುದು ಸುಲಭ. ಈ ಕಣ್ಣಿಗೆ ಕಡಲು ತಣ್ಣಗೆ ಕಾಣುತ್ತದೆ, ಮಳೆ ಅದರ ಮೇಲೆ ಬೆಚ್ಚಗಿನ ಮಚ್ಚೆಯ ಹಾಗೆ ಎದ್ದು ಕಾಣುತ್ತದೆ. ಆದರೆ ಕಾಡು, ತೋಟ ತಾವೇ ಬೆಚ್ಚಗೆ ಕಾಣುತ್ತವೆ, 280 ಕೆಲ್ವಿನ್ ಆಸುಪಾಸು. ಹನಿಗಳು ಅದರಲ್ಲಿ ಬೆರೆತುಹೋಗುತ್ತವೆ. ಹಾಗಾಗಿ ನೆಲದ ಮೇಲೆ ನಾವು ಜಾಸ್ತಿ ನಂಬುವುದು ಮೋಡದ ಮೇಲ್ಭಾಗದ ಹಿಮದ ಹರಳುಗಳನ್ನು. 89 ಗಿಗಾಹರ್ಟ್ಸ್ ಮತ್ತು ಅದಕ್ಕೂ ಮೇಲಿನ ಅಲೆಗಳನ್ನು ಅವು ಚದುರಿಸುತ್ತವೆ. ಉಪಗ್ರಹಕ್ಕೆ ಅಲ್ಲೊಂದು ತಣ್ಣನೆಯ ಕಲೆ ಕಾಣುತ್ತದೆ. ಕಲೆ ತಣ್ಣಗಾದಷ್ಟೂ ಮಳೆ ಜಾಸ್ತಿ ಅಂತ ಲೆಕ್ಕ.

ಏಪ್ರಿಲ್ ಸಂಜೆಯ ಗುಡುಗು ಮಳೆಗೆ ಈ ಲೆಕ್ಕ ಚೆನ್ನಾಗಿ ಕೂರುತ್ತದೆ. ಆ ಮೋಡಗಳು ಹತ್ತು ಹನ್ನೆರಡು ಕಿಲೋಮೀಟರ್ ಮೇಲೇರುತ್ತವೆ, ಒಳಗೆ ಬೇಕಾದಷ್ಟು ಹಿಮ, ಆಲಿಕಲ್ಲು. ಜುಲೈನ ಮಲೆನಾಡೇ ಬೇರೆ. ಅರಬ್ಬೀ ಸಮುದ್ರದ ತೇವದ ಗಾಳಿ ಘಟ್ಟಕ್ಕೆ ಬಡಿದು ಮೇಲೇರುತ್ತದೆ. ಮುಂಗಾರಿನಲ್ಲಿ ನೀರು ಹೆಪ್ಪುಗಟ್ಟುವ ಎತ್ತರ ಐದು ಕಿಲೋಮೀಟರಿಗೂ ಮೇಲೆ. ಎಷ್ಟೋ ಮೋಡಗಳು ಅಲ್ಲಿಗೆ ಹೋಗುವುದೇ ಇಲ್ಲ. ಹನಿಗೆ ಹನಿ ಕೂಡಿ ದೊಡ್ಡದಾಗಿ, ಕೆಳಗೇ ಹುಟ್ಟಿ ಕೆಳಗೇ ಸುರಿಯುತ್ತವೆ. ಹಿಮ ಇಲ್ಲ, ಕಲೆ ಇಲ್ಲ, ನಕ್ಷೆಯಲ್ಲಿ ಮಳೆಯೂ ಇಲ್ಲ. ಕೆಳಗೆ ರೈಟರ್ ಗ್ಲಾಸ್ ಮೇಲೆ ಗ್ಲಾಸ್ ಚೆಲ್ಲುತ್ತಿದ್ದಾರೆ.

2014ರ ಫೆಬ್ರವರಿಯಲ್ಲಿ ನಾಸಾ ಮತ್ತು ಜಪಾನಿನ ಜಾಕ್ಸಾ ಸೇರಿ ಹಾರಿಸಿದ, ಮಳೆ ಅಳೆಯುವ ಜಿಪಿಎಂ ಉಪಗ್ರಹದಲ್ಲಿ ಮೈಕ್ರೋವೇವ್ ಅಳೆಯಲು 10ರಿಂದ 183 ಗಿಗಾಹರ್ಟ್ಸ್‌ವರೆಗೆ 13 ಚಾನೆಲ್‌ಗಳಿವೆ. ಜೊತೆಗೆ ರೇಡಾರ್ ಕೂಡ ಇದೆ. ರೇಡಾರ್ ಹನಿಗಳನ್ನು ನೇರವಾಗಿ ನೋಡುತ್ತದೆ ಅಲ್ವಾ ಅಂತ ನಾನೂ ಅಂದುಕೊಂಡಿದ್ದೆ. ಘಟ್ಟದಲ್ಲಿ ಅದಕ್ಕೂ ಕಷ್ಟವೇ. ಗುಡ್ಡದಿಂದ ಬರುವ ಪ್ರತಿಧ್ವನಿ ನೆಲಕ್ಕೆ ಹತ್ತಿರದ ಒಂದೆರಡು ಕಿಲೋಮೀಟರನ್ನು ಮುಚ್ಚಿಬಿಡುತ್ತದೆ. ನಮ್ಮ ಮಳೆ ಜೋರಾಗಿರುವುದೇ ಅಲ್ಲಿ.

ಆಮೇಲೆ ಸ್ವಲ್ಪ ಕಾಲ ಹಿಮಾಲಯದ ಹಿಮಪಾತದ ಮೇಲೆ ಕೆಲಸ ಮಾಡಿದೆ. ಅಲ್ಲಿ ತಪ್ಪು ಉಲ್ಟಾ ಆಗುತ್ತದೆ. ಆಕಾಶ ತಿಳಿಯಾಗಿದ್ದರೂ ನೆಲದಲ್ಲಿ ಬಿದ್ದಿರುವ ಹಿಮ ಅಲೆಗಳನ್ನು ಚದುರಿಸುತ್ತದೆ, ಲೆಕ್ಕ ಅದನ್ನು ಬೀಳುತ್ತಿರುವ ಹಿಮ ಅಂದುಕೊಳ್ಳಬಹುದು. 183 ಗಿಗಾಹರ್ಟ್ಸ್ ಹತ್ತಿರ ಗಾಳಿಯ ನೀರಾವಿ ನೆಲವನ್ನು ಮರೆಮಾಡುತ್ತದೆ, ಅದು ಉಪಕಾರ. ಆದರೆ ಚಳಿಗಾಲದ ಒಣ ಗಾಳಿಯಲ್ಲಿ ಆವಿ ಕಡಿಮೆ, ಎತ್ತರದಲ್ಲಿ ಇನ್ನೂ ಕಡಿಮೆ. ಆ ಪರದೆ ತೆಳುವಾಗಿ ನೆಲ ಮತ್ತೆ ಇಣುಕುತ್ತದೆ.

ಈಗ ನನ್ನ ನಕ್ಷೆಯ ಪ್ರತಿ ಚೌಕಕ್ಕೂ ಒಂದು ಗುರುತು ಇರುತ್ತದೆ: ಕೆಳಗೆ ಏನಿದೆ, ಮೋಡದಲ್ಲಿ ಹಿಮ ಕಂಡಿತಾ ಇಲ್ಲವಾ. ಘಟ್ಟದಲ್ಲಿ ಜುಲೈ ತಿಂಗಳ ಸೊನ್ನೆಯನ್ನು 'ಮಳೆ ಇಲ್ಲ' ಅಂತ ಬರೆಯುವುದಿಲ್ಲ, 'ಹಿಮ ಕಾಣಲಿಲ್ಲ' ಅಂತ ಬರೆಯುತ್ತೇನೆ. 'ಅನುಮಾನ' ಅಂತ ಹಾಕಿದ್ದ ಗುರುತನ್ನು ತೆಗೆದು ಹೊಸ ವರದಿ ಕಳಿಸಿದೆ. ರೈಟರ್‌ಗೂ ಫೋನ್ ಮಾಡಿ ತಪ್ಪು ನನ್ನದು ಅಂತ ಹೇಳಿದೆ. ಅವರು ತೋಟದ ಹಳೆಯ ಮಳೆ ಪುಸ್ತಕ ಬೇಕಾ ಅಂತ ಕೇಳಿದರು.

ದಪ್ಪ ರಟ್ಟಿನ ಪುಸ್ತಕ. ತಿಂಗಳಿಗೊಂದು ಪುಟ, ಎಷ್ಟೋ ವರ್ಷಗಳದ್ದು. ಪುಟ ಪುಟವೂ ಫೋಟೋ ತೆಗೆದು ಇಂಚಿನಿಂದ ಮಿಲಿಮೀಟರಿಗೆ ತರುತ್ತಿದ್ದೇನೆ. ಜುಲೈ ಪುಟಗಳಲ್ಲಿ ತೇವಕ್ಕೆ ಶಾಯಿ ಹರಡಿದೆ. 3 ಯಾವುದು, 8 ಯಾವುದು ಗೊತ್ತಾಗದಾಗ ಅವರಿಗೇ ಫೋನ್ ಮಾಡುತ್ತೇನೆ.